ಟ್ಯಾಬ್ ಸ್ಕ್ರೀನಿನ ಸಣ್ಣ ದೋಷಕ್ಕೆ ಕೋರ್ಟ್ ಮೆಟ್ಟಿಲು ಹತ್ತೋದು ಅತಿಯಾಯ್ತಾ?

ಪರದೆಪಟ್ಟಿ
ಐಪ್ಯಾಡ್ ಮಿನಿ 6ರ ಜೆಲ್ಲಿ ಸ್ಕ್ರೋಲಿಂಗ್ ದಾವೆ ನೆನಪಿದೆಯಾ? 2021ರ ಸೆಪ್ಟೆಂಬರಿನಲ್ಲಿ ಆ ಟ್ಯಾಬ್ ಮಾರಾಟಕ್ಕೆ ಬಂತು. ಬಂದ ಬೆನ್ನಿಗೇ ಜನ ವಿಡಿಯೋ ಹಾಕೋಕೆ ಶುರು ಮಾಡಿದ್ರು. ಉದ್ದಕ್ಕೆ ಹಿಡಿದು ಪುಟ ಸರಿಸಿದರೆ ಸಾಲಿನ ಒಂದು ತುದಿ ಮುಂದೆ ಹೋಗುತ್ತೆ, ಇನ್ನೊಂದು ತುದಿ ಹಿಂದೆ ಉಳಿಯುತ್ತೆ, ಅಕ್ಷರಗಳೆಲ್ಲ ವಾಲಿದ ಹಾಗೆ ಕಾಣುತ್ತೆ. ಆಪಲ್ ಕೊಟ್ಟ ಉತ್ತರ ಇಷ್ಟೇ: ಎಲ್‌ಸಿಡಿ ಸ್ಕ್ರೀನ್ ಸಾಲು ಸಾಲಾಗಿ ರಿಫ್ರೆಶ್ ಆಗುತ್ತೆ, ಆದ್ದರಿಂದ ಇದು ಸಹಜ. 2022ರಲ್ಲಿ ಕೊಲರಾಡೋದ ಗ್ರಾಹಕರೊಬ್ಬರು ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಸಾಮೂಹಿಕ ದಾವೆ (ಅದೇ ತೊಂದರೆ ಇರೋ ಎಲ್ಲರ ಪರವಾಗಿ ಒಂದೇ ದಾವೆ) ಹೂಡಿದರು. ಗೊತ್ತಿದ್ದೂ ಹೇಳದೆ ಮಾರಿದರು ಅನ್ನೋದು ಅವರ ದೂರು.

ಇಂಥ ಸುದ್ದಿ ಬಂದಾಗೆಲ್ಲ "ಇಷ್ಟಕ್ಕೆಲ್ಲ ಕೋರ್ಟಾ?" ಅನ್ನೋ ಮಾತು ಬಂದೇ ಬರುತ್ತೆ. ಒಂದು ಚುಕ್ಕೆ, ಅಂಚಿನಲ್ಲಿ ಸ್ವಲ್ಪ ಬೆಳಕು, ಒಂದು ಮೂಲೆಯಲ್ಲಿ ಹಳದಿ ಛಾಯೆ ಅಂತ ದಾವೆ ಹೂಡೋದು ಹೊಟ್ಟೆ ತುಂಬಿದವರ ಕೆಲಸ ಅಂತ. ನನಗೆ ಹಾಗನ್ನಿಸಲ್ಲ. ದೋಷವನ್ನ ಅಳತೆಗೋಲಿನಲ್ಲಿ ಅಳೆದು ಸಣ್ಣದು ಅನ್ನೋಕೆ ಮೊದಲು, ಅದನ್ನ ಕೊಳ್ಳೋರಿಗೆ ಮೊದಲೇ ಹೇಳಿದ್ರಾ ಅಂತ ಕೇಳಬೇಕು. ನೀವೇನಂತೀರಿ?

ಅಡ್ಡಪ್ರಶ್ನೆ
ನಾನು ಆ "ಇಷ್ಟಕ್ಕೆಲ್ಲ ಕೋರ್ಟಾ" ಗುಂಪಿನವನೇ. ಯಾಕೆ ಅಂತ ಹೇಳ್ತೀನಿ.

ಅಂಗಡಿಯಲ್ಲಿ ಟ್ಯಾಬ್ ಇಟ್ಟಿರ್ತಾರೆ, ಮುಟ್ಟಿ ನೋಡಬಹುದು. ಇಷ್ಟು ದಿನದೊಳಗೆ ವಾಪಸ್ ಕೊಡಬಹುದು ಅನ್ನೋ ಅವಕಾಶವೂ ಇರುತ್ತೆ. ಎರಡನ್ನೂ ಬಿಟ್ಟು ವಕೀಲರ ಹತ್ತಿರ ಓಡಿದರೆ ಲಾಭ ಯಾರಿಗೆ? ಆಪಲ್ ಮಾರುತ್ತಿದ್ದ ಪುಟ್ಟ ಮ್ಯೂಸಿಕ್ ಪ್ಲೇಯರ್ ಐಪಾಡ್ ನ್ಯಾನೋ ಕೇಸು ನೋಡಿ. ಸ್ಕ್ರೀನಿಗೆ ಬೇಗ ಗೀರು ಬೀಳುತ್ತೆ ಅಂತ 2005ರಲ್ಲಿ ದಾವೆ. ರಾಜಿಯಾಗಿದ್ದು 2009ರಲ್ಲಿ, ಒಟ್ಟು 2.25 ಕೋಟಿ ಡಾಲರಿಗೆ. ಕೇಳೋಕೆ ದೊಡ್ಡ ಮೊತ್ತ. ಗ್ರಾಹಕನ ಕೈಗೆ? ಜೊತೆಗೆ ಚೀಲ ಸಿಕ್ಕಿದ್ದವರಿಗೆ 15 ಡಾಲರ್, ಸಿಗದವರಿಗೆ 25. ನಾಲ್ಕು ವರ್ಷ ಕಾದು ಇಷ್ಟು. ಅಷ್ಟರಲ್ಲಿ ಆ ನ್ಯಾನೋ ಯಾರ ಹತ್ತಿರ ಉಳಿದಿತ್ತು?

ಪ್ರತಿ ಪ್ಯಾನೆಲ್ಲೂ (ಸ್ಕ್ರೀನಿನ ಹಾಳೆ) ಕನ್ನಡಿ ಥರ ಇರಬೇಕು ಅಂತ ಹಟ ಹಿಡಿದರೆ ಕಾರ್ಖಾನೆಯಲ್ಲಿ ಎಸೆಯೋ ಪ್ಯಾನೆಲ್‌ಗಳ ಬೆಲೆಯನ್ನ ನಾವೇ ತೆರಬೇಕಾಗುತ್ತೆ.

ರಿಪೇರಿ ಮೇಜು
ಸ್ಕ್ರೀನ್ ಬದಲಾಯಿಸೋದೇ ನನ್ನ ಕಸುಬು. ಪರದೆಪಟ್ಟಿ ಅವರು ಹೇಳಿದ ಜೆಲ್ಲಿ ಸ್ಕ್ರೋಲಿಂಗ್ ಬಗ್ಗೆ ಗೊಂದಲ ಜಾಸ್ತಿ ಇದೆ, ಸ್ವಲ್ಪ ಬಿಡಿಸಿ ಹೇಳ್ತೀನಿ.

60 ಹರ್ಟ್ಜ್ ಸ್ಕ್ರೀನ್ ಅಂದ್ರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತೆ, ಒಂದು ಚಿತ್ರ ಪೂರ್ತಿ ಬರೆಯೋಕೆ ಸುಮಾರು 16.7 ಮಿಲಿಸೆಕೆಂಡ್ ಹಿಡಿಯುತ್ತೆ. ಎಲ್ಲಾ ಸಾಲು ಒಟ್ಟಿಗೆ ಬದಲಾಗಲ್ಲ, ಒಂದು ಕಡೆಯಿಂದ ಶುರುವಾಗಿ ಇನ್ನೊಂದು ಕಡೆಗೆ ಮುಗಿಯುತ್ತೆ. ಇಲ್ಲಿವರೆಗೆ ಆಪಲ್ ಹೇಳಿದ್ದು ಸರಿ, ಎಲ್ಲಾ ಎಲ್‌ಸಿಡಿಯೂ ಹೀಗೇನೇ. ಆದರೆ ಬರೆಯೋ ದಿಕ್ಕು ಯಾವುದು ಅನ್ನೋದು ಮುಖ್ಯ. ಮೇಲಿಂದ ಕೆಳಗೆ ಬರೆಯೋ ಸ್ಕ್ರೀನಿನಲ್ಲಿ ಪುಟವನ್ನ ಮೇಲೆ ಕೆಳಗೆ ಸರಿಸಿದರೆ ಅಕ್ಷರ ಕೂದಲೆಳೆಯಷ್ಟು ಹಿಗ್ಗುತ್ತೆ ಅಥವಾ ಕುಗ್ಗುತ್ತೆ, ಕಣ್ಣಿಗೆ ಗೊತ್ತೇ ಆಗಲ್ಲ. ಅದೇ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬರೆಯೋ ಸ್ಕ್ರೀನಾದರೆ ಸಾಲಿನ ಎರಡು ತುದಿಗೂ ಹೊತ್ತಿನ ಅಂತರ ಬೀಳುತ್ತೆ. ಆಗಲೇ ಸಾಲು ವಾಲೋದು.

ಎಷ್ಟು ವಾಲುತ್ತೆ? ಬೆರಳಿನಿಂದ ಜೋರಾಗಿ ತಳ್ಳಿದಾಗ ಪುಟ ಸೆಕೆಂಡಿಗೆ 3000 ಪಿಕ್ಸೆಲ್ ಓಡ್ತು ಅಂತಿಟ್ಕೊಳ್ಳಿ. ಅದನ್ನ 60ರಿಂದ ಭಾಗಿಸಿ, 50 ಪಿಕ್ಸೆಲ್. ಮಿನಿ 6ರಲ್ಲಿ ಇಂಚಿಗೆ 326 ಪಿಕ್ಸೆಲ್ ಇದೆ, ಅಂದ್ರೆ ಎಡ ಬಲ ಅಂಚುಗಳ ನಡುವೆ ಹತ್ತಿರ ಹತ್ತಿರ 4 ಮಿಲಿಮೀಟರ್ ಏರುಪೇರು. 120 ಹರ್ಟ್ಜ್ ಆಗಿದ್ದರೆ ಅದರ ಅರ್ಧ. ಗ್ಯಾಜೆಟ್ ಬಿಚ್ಚಿ ರಿಪೇರಿ ಮಾಹಿತಿ ಕೊಡೋ ಐಫಿಕ್ಸಿಟ್‌ನವರು ಆ ಟ್ಯಾಬ್ ಬಿಚ್ಚಿದಾಗ ಸ್ಕ್ರೀನ್ ನಡೆಸೋ ಕಂಟ್ರೋಲರ್ ಬೋರ್ಡನ್ನ ಉದ್ದನೆಯ ಪಕ್ಕದಲ್ಲಿ ಕೂರಿಸಿರೋದು ಕಂಡಿತ್ತು. ಟ್ಯಾಬನ್ನ ಅಡ್ಡ ಹಿಡಿದರೆ ವಾಲೋದು ಕಾಣಲ್ಲ, ಯಾಕಂದ್ರೆ ಆಗ ಬರೆಯೋ ದಿಕ್ಕೂ ಸರಿಸೋ ದಿಕ್ಕೂ ಒಂದೇ ಆಗುತ್ತೆ.

ಹಾಗಾಗಿ "ಎಲ್ಲಾ ಎಲ್‌ಸಿಡಿಯಲ್ಲೂ ಇರೋದೇ" ಅನ್ನೋ ಉತ್ತರ ಅರ್ಧ ಮಾತ್ರ ನಿಜ. ಉದ್ದಕ್ಕೆ ಹಿಡಿದು ಓದೋಕೆ ಅಂತಲೇ ಜನ ಕೊಳ್ಳೋ ಸಣ್ಣ ಟ್ಯಾಬಿನಲ್ಲಿ ಬೋರ್ಡ್ ಎಲ್ಲಿ ಕೂರಬೇಕು ಅನ್ನೋದು ವಿನ್ಯಾಸ ಮಾಡಿದವರ ಆಯ್ಕೆ. ಆ ಒಂದು ಪೀಸ್ ಕೆಟ್ಟಿದೆ ಅಂತ ಬದಲಾಯಿಸಿ ತಂದರೆ ಹೊಸದೂ ಹಾಗೇ ಇರುತ್ತೆ.

ಓದುಗಣ್ಣು
ರಿಪೇರಿ ಮೇಜು ಅವರೇ, ನೀವು ಹೇಳಿದ್ದು ನನಗೆ ಪ್ರತಿದಿನದ ಅನುಭವ. ನಾನು ಟ್ಯಾಬ್ ಕೊಂಡಿದ್ದೇ ಓದೋಕೆ. ಸಾಲು ವಾಲೋ ಸ್ಕ್ರೀನಿನಲ್ಲಿ ಸ್ವಲ್ಪ ಹೊತ್ತು ಓದಿದರೆ ತಲೆ ಸುತ್ತುತ್ತೆ, ಹೊಟ್ಟೆ ತೊಳಸುತ್ತೆ. ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಅದು ಕಾಣೋದೇ ಇಲ್ಲ. ಕಾಣದವರು ಸಣ್ಣದು ಅಂತಾರೆ. ಅಂಗಡಿಯಲ್ಲಿ ಎರಡು ನಿಮಿಷ ನಿಂತು ಮುಟ್ಟಿ ನೋಡಿದಾಗ ನನಗೂ ಏನೂ ಅನ್ನಿಸಿರಲಿಲ್ಲ. ಅಡ್ಡಪ್ರಶ್ನೆ ಅವರು ದಯವಿಟ್ಟು ಇದನ್ನ ಗಮನಿಸಬೇಕು.

ಬಣ್ಣದ ಕೋಲು
ನಾನು ಟ್ಯಾಬಿನಲ್ಲಿ ಚಿತ್ರ ಬರೆದು ಬದುಕೋಳು. ಎರಡು ಪಕ್ಕಗಳ ಬಿಳಿ ಒಂದೇ ಥರ ಇಲ್ಲದ ಸ್ಕ್ರೀನ್ ಬಂದಿತ್ತು, ಎಡಕ್ಕೆ ಹಳದಿ, ಬಲಕ್ಕೆ ನೀಲಿ. ಮುಖದ ಬಣ್ಣ ಹಚ್ಚಿ ಕ್ಯಾನ್ವಾಸ್ ಪಕ್ಕಕ್ಕೆ ಸರಿಸಿದರೆ ಅದೇ ಬಣ್ಣ ಬೇರೆ ಕಾಣುತ್ತೆ. ಸರ್ವೀಸ್ ಸೆಂಟರಿನಲ್ಲಿ ಮೇಡಂ ಇದು ಮಿತಿಯೊಳಗೇ ಇದೆ ಅಂದ್ರು. ಸರಿ, ಆ ಮಿತಿ ಎಷ್ಟು ಅಂತ ಕೇಳಿದೆ. ಅದು ಒಳಗಿನ ದಾಖಲೆ, ತೋರಿಸೋಕೆ ಬರಲ್ಲ ಅಂದ್ರು. ಬರೆದಾದರೂ ಕೊಡಿ ಅಂದೆ. ಅದಕ್ಕೂ ಆಗಲ್ಲ.

ನನಗೆ ಸಿಟ್ಟು ಬಂದಿದ್ದು ಹಳದಿ ಛಾಯೆಗಲ್ಲ. ನನ್ನ ದುಡ್ಡಿನ ವಸ್ತು ಪಾಸಾ ಫೇಲಾ ಅಂತ ನಿರ್ಧರಿಸೋ ಅಂಕಿಯನ್ನ ನನಗೇ ಹೇಳಲ್ಲ ಅಂದದ್ದಕ್ಕೆ. ಮಿತಿ ಇದೆ ಅಂತ ಒಪ್ಪಿಕೊಂಡ ಮೇಲೆ ಅದನ್ನ ಮುಚ್ಚಿಡೋಕೆ ಏನು ಕಾರಣ? ಕೊಳ್ಳೋಕೆ ಮುಂಚೆ ಗೊತ್ತಿದ್ದಿದ್ದರೆ ನಾನು ಬೇರೆ ಮಾದರಿ ನೋಡ್ತಿದ್ದೆ.

ಅಡ್ಡಪ್ರಶ್ನೆ
ಬಣ್ಣದ ಕೋಲು ಅವರೇ, ನಿಮಗಾದ ತೊಂದರೆ ನನಗೆ ಅರ್ಥವಾಗುತ್ತೆ. ವೃತ್ತಿಗೆ ಬಳಸೋರ ಮಾತೇ ಬೇರೆ. ಆದರೆ ಒಂದು ಪಿಕ್ಸೆಲ್ ಸತ್ತಿದೆ ಅಂತ ಗಲಾಟೆ ಮಾಡೋರನ್ನೂ ನಾವು ನೋಡಿದ್ದೀವಲ್ಲ? ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಲಕ್ಷಗಟ್ಟಲೆ ಪಿಕ್ಸೆಲ್ ಇರೋ ವಸ್ತುವಿನಲ್ಲಿ ಒಂದೂ ಕೆಡಬಾರದು ಅನ್ನೋದು ನ್ಯಾಯವಾ?

ರಿಪೇರಿ ಮೇಜು
ಆ ಗೆರೆ ಯಾವಾಗಲೋ ಎಳೆದಾಗಿದೆ. ಕೊಳ್ಳೋರಿಗೆ ಮಾತ್ರ ಗೊತ್ತಿಲ್ಲ.

2001ರಲ್ಲಿ ಬಂದ, ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ ಐಎಸ್‌ಒ 13406-2 ಅನ್ನೋ ಮಾನದಂಡ ಪ್ಯಾನೆಲ್‌ಗಳನ್ನ ನಾಲ್ಕು ವರ್ಗ ಮಾಡಿತ್ತು. ಮೊದಲನೇ ವರ್ಗದಲ್ಲಿ ಒಂದೂ ಕೆಟ್ಟ ಪಿಕ್ಸೆಲ್ ಇರಬಾರದು. ಬಹುತೇಕ ತಯಾರಕರು ಹಿಡಿದದ್ದು ಎರಡನೇ ವರ್ಗವನ್ನ. ಅದರಲ್ಲಿ ಹತ್ತು ಲಕ್ಷ ಪಿಕ್ಸೆಲ್ಲಿಗೆ ಸದಾ ಬೆಳಗೋದು 2, ಸದಾ ಕಪ್ಪಾಗಿರೋದು 2, ಕೆಂಪು ಹಸಿರು ನೀಲಿಯ ಉಪಪಿಕ್ಸೆಲ್ ಮಟ್ಟದಲ್ಲಿ ಕೆಟ್ಟದ್ದು 5 ಇದ್ದರೂ ಪಾಸು. 2008ರಿಂದ ಐಎಸ್‌ಒ 9241ರ 300ನೇ ಸರಣಿ ಇದರ ಜಾಗಕ್ಕೆ ಬಂತು.

ಈಗ ಲೆಕ್ಕ ಹಾಕಿ. 2266 ಗುಣಿಸು 1488 ಇರೋ ಸ್ಕ್ರೀನಿನಲ್ಲಿ ಸುಮಾರು 33.7 ಲಕ್ಷ ಪಿಕ್ಸೆಲ್. ಎರಡನೇ ವರ್ಗದ ಪ್ರಕಾರ ಆರು ಸದಾ ಬೆಳಗೋ ಚುಕ್ಕೆ, ಆರು ಕಪ್ಪು ಚುಕ್ಕೆ, ಹದಿನಾರು ಅರೆಕೆಟ್ಟ ಚುಕ್ಕೆ ಇದ್ದರೂ ಕಾಗದದ ಮೇಲೆ ಅದು ಒಳ್ಳೇ ಪ್ಯಾನೆಲ್. ಅಷ್ಟು ಚುಕ್ಕೆ ಇರೋ ಟ್ಯಾಬನ್ನ ಯಾರಾದರೂ ಸಂತೋಷದಿಂದ ಮನೆಗೆ ಒಯ್ತಾರಾ? ಸಾಮಾನ್ಯವಾಗಿ ಅಷ್ಟು ಕೆಟ್ಟ ಪ್ಯಾನೆಲ್ ಬರೋದೂ ಇಲ್ಲ, ಕಾರ್ಖಾನೆಗಳು ತುಂಬಾ ಸುಧಾರಿಸಿವೆ. ಅದಕ್ಕೇ ನನ್ನ ಪ್ರಶ್ನೆ: ಇಷ್ಟು ಚೆನ್ನಾಗಿ ತಯಾರಿಸ್ತಿರುವಾಗ ನಿಜವಾದ ಅಂಕಿಯನ್ನ ಹೇಳೋಕೆ ಹಿಂಜರಿಕೆ ಯಾಕೆ? ಡೆಲ್ ತನ್ನ ಕೆಲವು ಮಾನಿಟರ್‌ಗಳಿಗೆ, ಒಂದೇ ಒಂದು ಬೆಳಗೋ ಚುಕ್ಕೆ ಕಂಡರೂ ಬದಲಾಯಿಸಿ ಕೊಡ್ತೀವಿ ಅಂತ ಬರೆದೇ ಕೊಡುತ್ತೆ. ಬರೆದುಕೊಟ್ಟು ಯಾರೂ ಮುಳುಗಿಹೋಗಿಲ್ಲ.

ಕಾನೂನು ಕಡತ
ತಡವಾಗಿ ಬಂದೆ. ಗ್ರಾಹಕ ದಾವೆಗಳ ಕಾಗದಪತ್ರ ಓದೋದು ನನ್ನ ಕೆಲಸದ ಒಂದು ಭಾಗ. ಇಲ್ಲಿ ಮೂರು ಬೇರೆ ಬೇರೆ ತಕರಾರುಗಳು ಸೇರಿಕೊಂಡಿವೆ. ಅಮೆರಿಕದ ಕೋರ್ಟುಗಳು ಇವನ್ನ ಬೇರೆ ಬೇರೆಯಾಗಿಯೇ ನೋಡ್ತವೆ.

ಒಂದು, ವಾರಂಟಿ ಮುರಿದದ್ದು. ಬರೆದುಕೊಟ್ಟ ವಾರಂಟಿ ಸಾಮಾನ್ಯವಾಗಿ ಸಾಮಗ್ರಿಯಲ್ಲಿ ಮತ್ತು ತಯಾರಿಕೆಯಲ್ಲಿ ಆದ ದೋಷಕ್ಕೆ ಅನ್ವಯ. ರಿಪೇರಿ ಮೇಜು ಅವರು ಹೇಳಿದ ಹಾಗೆ ಎಲ್ಲಾ ಪೀಸುಗಳಲ್ಲೂ ವಿನ್ಯಾಸದಿಂದಲೇ ಬಂದ ದೋಷವಾದರೆ, ಅದು ತಯಾರಿಕೆಯ ದೋಷವಲ್ಲ ಅಂತ ಕಂಪನಿ ಜಾರಿಕೊಳ್ಳಬಹುದು. ಜೆಲ್ಲಿ ಸ್ಕ್ರೋಲಿಂಗಿಗೆ "ಸಹಜ ವರ್ತನೆ" ಅನ್ನೋ ಪದ ಬಳಸಿದ್ದರ ತೂಕ ಇಲ್ಲಿದೆ. ಅಲ್ಲಿ 1975ರ ಮ್ಯಾಗ್ನಸನ್–ಮಾಸ್ ವಾರಂಟಿ ಕಾಯ್ದೆ ಇದೆ ನಿಜ, ಆದರೆ ಅದರಡಿ ಫೆಡರಲ್ ಕೋರ್ಟಿನಲ್ಲಿ ಸಾಮೂಹಿಕ ದಾವೆ ನಡೆಸಬೇಕಾದರೆ ಕನಿಷ್ಠ 100 ಮಂದಿ ಹೆಸರು ಕೊಟ್ಟು ವಾದಿಗಳಾಗಬೇಕು. ಅದು ಸುಲಭದ ಮಾತಲ್ಲ.

ಎರಡು, ಹೇಳಿದ್ದೇ ಸುಳ್ಳು ಅನ್ನೋದು. 2007ರಲ್ಲಿ ಆಪಲ್ ಲ್ಯಾಪ್‌ಟಾಪ್ ಮ್ಯಾಕ್‌ಬುಕ್ ಬಗ್ಗೆ, 2008ರಲ್ಲಿ 20 ಇಂಚಿನ ಐಮ್ಯಾಕ್ ಕಂಪ್ಯೂಟರ್ ಬಗ್ಗೆ ದಾವೆ ಬಂದದ್ದು ಹೀಗೆ. ಜಾಹೀರಾತಿನಲ್ಲಿ "ಮಿಲಿಯನ್‌ಗಟ್ಟಲೆ ಬಣ್ಣ" ಅಂತಿತ್ತು. ಒಳಗಿದ್ದದ್ದು ಪ್ರತಿ ಮೂಲಬಣ್ಣಕ್ಕೆ 6 ಬಿಟ್‌ನ ಪ್ಯಾನೆಲ್ ಅಂತ ವಾದಿಗಳ ಆರೋಪ. 6 ಬಿಟ್ ಅಂದ್ರೆ 2,62,144 ಬಣ್ಣ. 8 ಬಿಟ್ ಇದ್ದರೆ 1,67,77,216. ಉಳಿದ ಬಣ್ಣಗಳನ್ನ ಅಕ್ಕಪಕ್ಕದ ಚುಕ್ಕೆಗಳನ್ನ ಬೆರೆಸಿ ಕಣ್ಣಿಗೆ ಹಾಗೆ ಕಾಣಿಸೋದು. ಸಾಮಾನ್ಯ ಬಳಕೆಯಲ್ಲಿ ಇದು ಕಾಣದೇ ಹೋಗಬಹುದು. ಆದರೆ ಇಲ್ಲಿ ಅಂಕಿ ಇದೆ, ಮಾತು ಇದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಇದೇ ದಾರಿಯಲ್ಲಿ ಹೋಗಿ ಸೋತ ಕೇಸೂ ಇದೆ. ಐಫೋನ್ 10ರ ಸ್ಕ್ರೀನಿನ ಅಳತೆಯನ್ನ ಹೆಚ್ಚು ಮಾಡಿ ಹೇಳಿದ್ದಾರೆ, ಪಿಕ್ಸೆಲ್ಲಿಗೆ ಮೂರು ಉಪಪಿಕ್ಸೆಲ್ ಬದಲು ಎರಡೇ ಇವೆ ಅಂತ 2018ರಲ್ಲಿ ದಾವೆ ಹಾಕಿದ್ದರು. ಕೋರ್ಟ್ ವಜಾ ಮಾಡಿತು. ದುಂಡು ಮೂಲೆಗಳನ್ನ ಬಿಟ್ಟರೆ ನಿಜವಾಗಿ ಕಾಣೋ ಭಾಗ ಕಡಿಮೆ ಅಂತ ಕಂಪನಿ ಸಣ್ಣಕ್ಷರದಲ್ಲಾದರೂ ಹೇಳಿತ್ತು. ಮೊದಲೇ ಹೇಳಿದ್ದರೆ ಕಂಪನಿಗೂ ಅದು ರಕ್ಷಣೆ, ನೋಡಿ.

ಮೂರನೆಯದು ಮುಚ್ಚಿಟ್ಟದ್ದು. ನನ್ನ ಮಟ್ಟಿಗೆ ಟ್ಯಾಬ್ ಸ್ಕ್ರೀನುಗಳ ವಿಷಯದಲ್ಲಿ ಜೀವವಿರೋದು ಇಲ್ಲೇ, ಕಷ್ಟವಿರೋದೂ ಇಲ್ಲೇ. ಸುಮ್ಮನಿದ್ದದ್ದೇ ತಪ್ಪು ಅಂತ ಸಾಬೀತು ಮಾಡಬೇಕಾದರೆ, ನಿಮಗೆ ಮಾರುವ ಹೊತ್ತಿಗೇ ಕಂಪನಿಗೆ ಗೊತ್ತಿತ್ತು ಅಂತ ತೋರಿಸಬೇಕು. 2012ರಲ್ಲಿ ಎಚ್‌ಪಿ ಲ್ಯಾಪ್‌ಟಾಪ್‌ನ ಪವರ್ ಜ್ಯಾಕ್ (ಚಾರ್ಜರ್ ಸಿಕ್ಕಿಸೋ ಜಾಗ) ಬಗ್ಗೆ ಅಮೆರಿಕದ 9ನೇ ಸರ್ಕ್ಯೂಟ್ ಅನ್ನೋ ಫೆಡರಲ್ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ಇದಕ್ಕೆ ಒಳ್ಳೇ ಪಾಠ. ಗ್ರಾಹಕರು ಆನ್‌ಲೈನಿನಲ್ಲಿ ಬರೆದ ದೂರುಗಳನ್ನ ವಾದಿಗಳು ಮುಂದಿಟ್ಟರು. ಅವುಗಳಲ್ಲಿ ಹಲವಕ್ಕೆ ತಾರೀಖೇ ಇರಲಿಲ್ಲ. ಕಂಪನಿಗೆ ಮೊದಲೇ ಗೊತ್ತಿತ್ತು ಅನ್ನೋಕೆ ಅಷ್ಟು ಸಾಲದು ಅಂತ ಕೋರ್ಟ್ ಹೇಳಿತು. ಜೊತೆಗೆ ಆ ತೀರ್ಪಿನ ಪ್ರಕಾರ, ಸುಳ್ಳು ಹೇಳಿರದಿದ್ದರೆ, ದೋಷ ಸುರಕ್ಷತೆಗೆ ಸಂಬಂಧಪಟ್ಟದ್ದಾಗಿದ್ದಾಗಲೇ ಮುಂಚಿತವಾಗಿ ತಿಳಿಸೋ ಹೊಣೆ ಬರುತ್ತೆ. ಅನಂತರದ ಕೆಲವು ತೀರ್ಪುಗಳಲ್ಲಿ ವಸ್ತುವಿನ ಮುಖ್ಯ ಕೆಲಸಕ್ಕೇ ಅಡ್ಡಿಯಾಗುವ ದೋಷವನ್ನೂ ಸೇರಿಸಬಹುದೇ ಅನ್ನೋ ಚರ್ಚೆ ತೆರೆದುಕೊಂಡಿದೆ. ಓದೋಕೆ ಕೊಂಡ ಟ್ಯಾಬಿನಲ್ಲಿ ಸಾಲು ವಾಲಿದರೆ ಮುಖ್ಯ ಕೆಲಸಕ್ಕೆ ಅಡ್ಡಿಯಾ? ಓದುಗಣ್ಣು ಅವರು ಹೌದು ಅಂತಾರೆ. ಆಪಲ್ ಅಲ್ಲ ಅನ್ನುತ್ತೆ.

ಅಡ್ಡಪ್ರಶ್ನೆ
ಅಂದ್ರೆ ಕಾನೂನೂ ನನ್ನ ಕಡೆಗೇ ವಾಲಿದೆ ಅಂತಾಯ್ತು. ಸುರಕ್ಷತೆಗೆ ತೊಂದರೆ ಇಲ್ಲದ ಸಣ್ಣ ದೋಷಕ್ಕೆ ಕೋರ್ಟ್ ಬಾಗಿಲು ಅಷ್ಟು ಸಲೀಸಾಗಿ ತೆರೆಯಲ್ಲ.

ಪರದೆಪಟ್ಟಿ
ಕಷ್ಟ ಅನ್ನೋದಕ್ಕೂ ಅನ್ಯಾಯ ಅನ್ನೋದಕ್ಕೂ ವ್ಯತ್ಯಾಸ ಇದೆ ಸಾರ್. ಬಾಗಿಲು ಕಿರಿದಾಗಿದೆ ಅಂದ ಮಾತ್ರಕ್ಕೆ ತಟ್ಟಿದವರು ದುರಾಸೆಯವರಾಗಲ್ಲ.

ನೀವು ನ್ಯಾನೋ ಕೇಸಿನ 25 ಡಾಲರನ್ನ ಹೀಗಳೆದಿರಿ. ನನಗೆ ಅದರ ಹಿಂದಿನ ಕಥೆ ಕಾಣುತ್ತೆ. 2005ರಲ್ಲಿ ಸ್ಕ್ರೀನ್ ಸೀಳೋ ದೂರು ಬಂದಾಗ ಆಪಲ್ ತಪ್ಪು ಒಪ್ಪಿಕೊಂಡು ಬದಲಾಯಿಸಿ ಕೊಡ್ತು. ಅದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಪೀಸುಗಳಲ್ಲಿ ಅಂತಲೂ ಹೇಳ್ತು. ಗೀರಿನ ದೂರನ್ನ ಮಾತ್ರ ಒಪ್ಪಲಿಲ್ಲ, ಹಿಂದಿನ ಐಪಾಡಿಗೆ ಬಳಸಿದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನೇ ಇದಕ್ಕೂ ಬಳಸಿದ್ದೀವಿ ಅಂತು. ಯಾವುದು ಕೆಲವೇ ಪೀಸುಗಳ ದೋಷವೋ ಅದು ಸರಿಹೋಯ್ತು. ಯಾವುದು ಎಲ್ಲರ ದೋಷವೋ ಅದು ಸಹಜ ಅನ್ನಿಸಿಕೊಳ್ತು. ಜೆಲ್ಲಿ ಸ್ಕ್ರೋಲಿಂಗಿನಲ್ಲೂ ಇದೇ ನಡೆದದ್ದು. ಎಲ್ಲರಿಗೂ ಇದೆ ಅನ್ನೋದು ಸಮರ್ಥನೆ ಆಗೋದಾದರೆ, ದೋಷ ಹೆಚ್ಚು ಜನಕ್ಕೆ ಹಬ್ಬಿದಷ್ಟೂ ಕಂಪನಿ ಸುರಕ್ಷಿತ ಅಂತಾಗುತ್ತೆ. ಇದನ್ನ ನಾನು ಒಪ್ಪಲ್ಲ. ಒಬ್ಬೊಬ್ಬರೇ ಹೋದರೆ ಯಾರೂ ಕೇಳದ ಇಂಥ ಕಡೆ ಸಾಮೂಹಿಕ ದಾವೆಯೇ ಬೇಕು.

ಇನ್ನೊಂದು ಉದಾಹರಣೆ. 2018ರ ಐಪ್ಯಾಡ್ ಪ್ರೊ ಪೆಟ್ಟಿಗೆಯಿಂದ ತೆಗೆದಾಗಲೇ ಸ್ವಲ್ಪ ಬಾಗಿದೆ ಅಂತ ದೂರು ಬಂತು. ಮೊದಲು ಸಹಜ ಅಂದ್ರು. ಆಮೇಲೆ 2019ರ ಜನವರಿಯಲ್ಲಿ, ಯಾವ ಪಕ್ಕದಲ್ಲೂ 400 ಮೈಕ್ರಾನಿಗಿಂತ ಹೆಚ್ಚು ಬಾಗು ಇರಬಾರದು ಅಂತ ಅಂಕಿಯನ್ನೇ ಪ್ರಕಟಿಸಿದರು. 0.4 ಮಿಲಿಮೀಟರ್. ಅದು ಸರಿಯೋ ತಪ್ಪೋ ಅಂತ ಜಗಳವಾಡಬಹುದು, ಆದರೆ ಕೈಯಲ್ಲಿ ಒಂದು ಅಂಕಿ ಇದೆ. ಅಳೆದು ನೋಡಿ ಕೇಳಬಹುದು. ಬಣ್ಣದ ಕೋಲು ಅವರಿಗೆ ಸಿಗದೇ ಹೋದದ್ದು ಇದೇ. ಬಾಗಿಗೆ ಅಂಕಿ ಕೊಡೋಕೆ ಆಗುತ್ತೆ ಅಂದ ಮೇಲೆ ಬಿಳಿಯ ಏರುಪೇರಿಗೆ, ಅಂಚಿನಿಂದ ಸೋರೋ ಬೆಳಕಿಗೆ, ಸತ್ತ ಪಿಕ್ಸೆಲ್ಲಿಗೆ ಯಾಕಾಗಲ್ಲ?

ರಿಪೇರಿ ಮೇಜು
ಅಡ್ಡಪ್ರಶ್ನೆ ಅವರ ವಾಪಸಾತಿ ಮಾತಿಗೆ ಒಂದು ಸೇರಿಸ್ತೀನಿ. ಮೈಕ್ರೋಸಾಫ್ಟಿನ ಸರ್ಫೇಸ್ ಪ್ರೊ 4 ಟ್ಯಾಬಿನ ಸ್ಕ್ರೀನ್ ಮಿನುಗೋ ತೊಂದರೆ ಕೊಂಡ ತಕ್ಷಣ ಕಾಣ್ತಿರಲಿಲ್ಲ, ಬಳಸಿ ಬಿಸಿಯಾಗಿ ತಿಂಗಳುಗಳಾದ ಮೇಲೆ ಶುರುವಾಗ್ತಿತ್ತು. ಸ್ವಲ್ಪ ಹೊತ್ತಾದರೂ ನಿಲ್ಲಲಿ ಅಂತ ಜನ ಫ್ರೀಜರಿನಲ್ಲಿ ಇಟ್ಟು ತೆಗೀತಿದ್ದರು. 2015ರಲ್ಲಿ ಬಂದ ಟ್ಯಾಬಿಗೆ ಮೈಕ್ರೋಸಾಫ್ಟ್ ಬದಲಿ ಕೊಡೋ ಯೋಜನೆ ಘೋಷಿಸಿದ್ದು 2018ರ ಮೇ ತಿಂಗಳಲ್ಲಿ, ಕೊಂಡ ದಿನದಿಂದ ಮೂರು ವರ್ಷದವರೆಗೆ ಅಂತ. ವಾಪಸ್ ಕೊಡೋ ಅವಧಿ ಇಂಥದ್ದಕ್ಕೆ ಯಾವ ಪ್ರಯೋಜನಕ್ಕೂ ಬರಲ್ಲ. ಗ್ರಾಹಕರು ಬಿಡದೆ ಗಲಾಟೆ ಮಾಡಿದ್ದಕ್ಕೇ ಅಷ್ಟಾದರೂ ಆಯ್ತು ಅಂತ ನನ್ನ ನಂಬಿಕೆ.

ಅಡ್ಡಪ್ರಶ್ನೆ
ಸರಿ, ಮಿತಿಯ ಅಂಕಿಯನ್ನ ಪ್ರಕಟಿಸಬೇಕು ಅನ್ನೋದನ್ನ ಒಪ್ತೀನಿ. ಅದಕ್ಕೆ ವಿರುದ್ಧ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ. ಆದರೆ ಪರಿಹಾರದ ದುಡ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ವರ್ಷಗಟ್ಟಲೆ ಬಳಸಿದ ಮೇಲೆ ಪೂರ್ತಿ ಹಣ ಕೊಡಿ ಅನ್ನೋದು ಸರಿಯಲ್ಲ.

ಕಾನೂನು ಕಡತ
ಪೂರ್ತಿ ಹಣವನ್ನ ಸಾಮಾನ್ಯವಾಗಿ ಯಾರೂ ಕೇಳೋದೂ ಇಲ್ಲ. ದೋಷ ಗೊತ್ತಿದ್ದಿದ್ದರೆ ಎಷ್ಟು ಕಡಿಮೆ ಕೊಡ್ತಿದ್ದೆವೋ ಆ ವ್ಯತ್ಯಾಸವನ್ನ ಕೇಳ್ತಾರೆ. ಒಬ್ಬರಿಗೆ 20 ಡಾಲರ್ ಅಂತಿಟ್ಕೊಂಡರೆ ಅದಕ್ಕಾಗಿ ವಕೀಲರನ್ನ ಹಿಡಿಯೋರಿಲ್ಲ. ಲಕ್ಷ ಮಂದಿ ಸೇರಿದರೆ 20 ಲಕ್ಷ ಡಾಲರ್. ಸಾಮೂಹಿಕ ದಾವೆ ಅನ್ನೋ ಏರ್ಪಾಡು ಇರೋದೇ ಇದಕ್ಕೆ. ಆದರೆ 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಟಿ ಅಂಡ್ ಟಿ ಅನ್ನೋ ಫೋನ್ ಕಂಪನಿಯ ಕೇಸಿನಲ್ಲಿ, ಕರಾರಿನಲ್ಲೇ ಸಾಮೂಹಿಕ ದಾವೆ ಬಿಟ್ಟುಕೊಟ್ಟು ಒಬ್ಬೊಬ್ಬರೇ ಮಧ್ಯಸ್ಥರ ಮುಂದೆ ಹೋಗಬೇಕು ಅಂತ ಬರೆಸಿಕೊಳ್ಳೋದು ನಡೆಯುತ್ತೆ ಅಂತು. ಆ ಜಗಳ ಶುರುವಾದದ್ದು ಉಚಿತ ಅಂದ ಫೋನಿಗೆ ಹಾಕಿದ 30.22 ಡಾಲರ್ ತೆರಿಗೆಗೆ. ಆಮೇಲೆ ಅನೇಕ ಕಂಪನಿಗಳು ಈ ಷರತ್ತು ಸೇರಿಸಿವೆ. ಟ್ಯಾಬ್ ಆನ್ ಮಾಡಿ "ಒಪ್ಪಿದೆ" ಅಂತ ಒತ್ತೋ ಮುಂಚೆ ಆ ಭಾಗವನ್ನಾದರೂ ಓದಿ. ಕೆಲವು ಕಡೆ ಇಷ್ಟು ದಿನದೊಳಗೆ ಬರೆದು ತಿಳಿಸಿದರೆ ಆ ಷರತ್ತಿನಿಂದ ಹೊರಗುಳಿಯೋ ಅವಕಾಶ ಇರುತ್ತೆ.

ಹೊಸ ಸದಸ್ಯೆ
ನನ್ನ ಟ್ಯಾಬಿನ ಕೆಳಗಿನ ಅಂಚಿನಲ್ಲಿ ಬೆಳಕು ಸೋರ್ತಿದೆ. ವಾರಂಟಿ ಇನ್ನೂ ಇದೆ. ಕೋರ್ಟಿಗೆ ಹೋಗೋ ಯೋಚನೆ ಏನಿಲ್ಲ, ಆದರೆ ಸುಮ್ಮನಿರೋಕೂ ಮನಸ್ಸಿಲ್ಲ. ಏನು ಮಾಡಲಿ?

ರಿಪೇರಿ ಮೇಜು
ಕತ್ತಲೆ ಕೋಣೆಯಲ್ಲಿ ಪೂರ್ತಿ ಕಪ್ಪು ಚಿತ್ರ ಇಟ್ಟು, ಬ್ರೈಟ್‌ನೆಸ್ ಅರ್ಧದಲ್ಲಿ ಒಂದು, ಪೂರ್ತಿಯಲ್ಲಿ ಒಂದು ಫೋಟೋ ತೆಗೀರಿ. ಫೋನ್ ಕ್ಯಾಮೆರಾ ತಾನಾಗಿಯೇ ಬೆಳಕು ಹೆಚ್ಚಿಸಿ ಇರೋದಕ್ಕಿಂತ ಜೋರಾಗಿ ತೋರಿಸುತ್ತೆ, ಹಾಗಾಗಿ ಎಕ್ಸ್‌ಪೋಷರ್ ಇಳಿಸಿ ಕಣ್ಣಿಗೆ ಕಂಡಷ್ಟೇ ಬರೋ ಹಾಗೆ ನೋಡಿಕೊಳ್ಳಿ. ಹೆಚ್ಚು ಮಾಡಿ ತೋರಿಸಿದ ಫೋಟೋವನ್ನ ಸರ್ವೀಸಿನವರು ಮೊದಲ ನೋಟಕ್ಕೇ ತಳ್ಳಿಹಾಕ್ತಾರೆ. ಸ್ಕ್ರೀನನ್ನ ಓರೆಯಾಗಿ ನೋಡಿದಾಗ ಮಾತ್ರ ಕಂಡು, ನೇರ ನೋಡಿದರೆ ಮಾಯವಾದರೆ ಅದು ಐಪಿಎಸ್ ಅನ್ನೋ ಬಗೆಯ ಎಲ್‌ಸಿಡಿ ಪ್ಯಾನೆಲ್ಲಿನ ಹೊಳಪು, ಬದಲಾಯಿಸಿದರೂ ಹೋಗಲ್ಲ. ನೇರ ನೋಡಿದಾಗಲೂ ಒಂದೇ ಜಾಗದಲ್ಲಿ ಇದ್ದರೆ ನಿಜವಾದ ಸೋರಿಕೆ.

ಕಾನೂನು ಕಡತ
ಮಾತಿನಲ್ಲಿ ದೂರು ಕೊಡಬೇಡಿ ಅಮ್ಮಾ, ಬರಹದಲ್ಲಿ ಕೊಡಿ. ಮಾದರಿ, ಕೊಂಡ ದಿನ, ಮೊದಲು ಕಂಡ ದಿನ ಬರೆದು, ಫೋಟೋ ಸೇರಿಸಿ, ದೂರಿನ ಸಂಖ್ಯೆ ಪಡೀರಿ. ಮಿತಿಯೊಳಗಿದೆ ಅಂದ್ರೆ ಯಾವ ಮಿತಿ, ಎಷ್ಟು ಅಂತ ಬರೆದು ಕೇಳಿ. ಉತ್ತರ ಕೊಡದಿದ್ದರೆ ಕೊಡಲಿಲ್ಲ ಅನ್ನೋದನ್ನೂ ತಾರೀಖಿನ ಸಮೇತ ಇಟ್ಟುಕೊಳ್ಳಿ. ಎಚ್‌ಪಿ ಕೇಸಿನಲ್ಲಿ ಕೊರತೆ ಬಿದ್ದದ್ದು ಆ ತಾರೀಖುಗಳದ್ದೇ. ನಾಳೆ ನಿಮ್ಮದೇ ಮಾದರಿಯ ಬಗ್ಗೆ ಬೇರೆ ಯಾರೋ ದಾವೆ ಹೂಡಿದರೆ, ಕಂಪನಿಗೆ ಇಂಥ ದಿನದಿಂದ ಗೊತ್ತಿತ್ತು ಅನ್ನೋದಕ್ಕೆ ನಿಮ್ಮ ದೂರು ಸಾಕ್ಷಿಯಾಗುತ್ತೆ.

ಹೊಸ ಸದಸ್ಯೆ
ನೇರ ನೋಡಿದಾಗಲೂ ಇದೆ, ಒಂದೇ ಜಾಗ. ಇವತ್ತೇ ಬರೆದು ಕಳಿಸ್ತೀನಿ. ಅವರ ಉತ್ತರ ಬಂದ ಮೇಲೆ ಇಲ್ಲೇ ಹಾಕ್ತೀನಿ.

ಬಣ್ಣದ ಕೋಲು
ಮಿತಿಯ ಅಂಕಿ ಏನಾದ್ರೂ ಕೊಟ್ಟರೆ ಅದನ್ನ ಹಾಗೇ ಹಾಕಿ, ದಯವಿಟ್ಟು.